ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಶಾಲಾ ಸಾಮಗ್ರಿ: ಏನನ್ನು, ಯಾವಾಗ, ಹೇಗೆ ಕೊಡಬೇಕು?

ಪ್ರಶ್ನೆ: ನಾವು ಕೆಲವು ಸಹೋದ್ಯೋಗಿಗಳು ಪ್ರತಿ ತಿಂಗಳು ಸ್ವಲ್ಪ ಹಣ ಕೂಡಿಟ್ಟು, ಶಾಲೆಗಳು ಆರಂಭವಾಗುವ ಹೊತ್ತಿಗೆ ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಚೀಲ, ನೋಟ್‌ಬುಕ್, ಪೆನ್ನು, ಪೆನ್ಸಿಲ್‌ಗಳನ್ನು ಕೊಡುತ್ತಿದ್ದೇವೆ. ಕಳೆದ ಬಾರಿ ಕೊಟ್ಟ ನೋಟ್‌ಬುಕ್‌ಗಳಲ್ಲಿ ಸಾಕಷ್ಟು ಬಳಕೆಯಾಗದೆ ಉಳಿದಿವೆ ಎಂದು ಶಿಕ್ಷಕರೊಬ್ಬರು ತಿಳಿಸಿದರು. ಹೆಸರು ಕರೆದಾಗ ಮುಂದೆ ಬರಲು ದೊಡ್ಡ ತರಗತಿಯ ಕೆಲವು ಮಕ್ಕಳು ಹಿಂಜರಿದದ್ದನ್ನು ನಾವೇ ನೋಡಿದೆವು. ಇಂಥ ನೆರವಿನಿಂದ ಕಲಿಕೆಗೆ ನಿಜವಾಗಿ ಉಪಯೋಗವಾಗುತ್ತದೆಯೇ? ಆಗುವುದಾದರೆ ಏನನ್ನು, ಯಾವಾಗ, ಹೇಗೆ ಕೊಡಬೇಕು?

ಉತ್ತರ: ಉಪಯೋಗವಾಗುತ್ತದೆ, ಆದರೆ ನೀವು ನಿರೀಕ್ಷಿಸುತ್ತಿರುವ ರೀತಿಯಲ್ಲೇ ಆಗುತ್ತದೆಂದು ಹೇಳಲಾಗದು. ನಿಮ್ಮ ಕ್ರಮದಲ್ಲಿ ಮೂರು ಬದಲಾವಣೆಗಳನ್ನು ಮಾಡಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ: ಖರೀದಿಗೆ ಮೊದಲು ತರಗತಿ ಶಿಕ್ಷಕರಿಂದ ಪಟ್ಟಿ ಪಡೆಯಿರಿ, ಮಕ್ಕಳ ಹೆಸರು ಕರೆದು ಕೊಡುವುದನ್ನು ಪೂರ್ತಿಯಾಗಿ ನಿಲ್ಲಿಸಿ, ಕೂಡಿಟ್ಟ ಹಣದಲ್ಲಿ ಅರ್ಧವನ್ನಾದರೂ ಶಾಲಾ ವರ್ಷದ ನಡುವಿನ ತಿಂಗಳುಗಳಿಗೆ ಉಳಿಸಿಕೊಳ್ಳಿ. ಮೂರರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಕೊನೆಯದನ್ನು ಆರಿಸಿ, ಏಕೆಂದರೆ ಶಾಲೆ ತೆರೆಯುವ ವಾರದಲ್ಲಿ ಕೊಡುವವರು ಎಲ್ಲ ಕಡೆಯೂ ಇರುತ್ತಾರೆ. ಅದೇ ಮಗುವಿನ ಗಣಿತದ ಪುಸ್ತಕ ನಾಲ್ಕು ತಿಂಗಳ ನಂತರ ತುಂಬಿಹೋದಾಗ ಯಾರೂ ಇರುವುದಿಲ್ಲ.

ಮೊದಲಿಗೆ ಕಲಿಕೆಯ ಪ್ರಶ್ನೆಯನ್ನು ನೋಡೋಣ, ಇದರ ಬಗ್ಗೆ ಒಳ್ಳೆಯ ಸಂಶೋಧನೆ ನಡೆದಿದೆ. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಗ್ರಾಮೀಣ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು, ಕೊಡದ ಶಾಲೆಗಳೊಂದಿಗೆ ಹೋಲಿಸಿ ನೋಡಲಾಯಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ, ಪುಸ್ತಕಗಳಿಂದ ಮಕ್ಕಳ ಸರಾಸರಿ ಅಂಕ ಹೆಚ್ಚಲಿಲ್ಲ. ಮೊದಲಿನಿಂದಲೂ ಓದಿನಲ್ಲಿ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಕಾರಣ ಸರಳವಾಗಿತ್ತು: ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹುಪಾಲು ಮಕ್ಕಳಿಗೆ ಅದು ಮೂರನೆಯ ಭಾಷೆ, ಆದ್ದರಿಂದ ಕೈಯಲ್ಲಿ ಪುಸ್ತಕವಿದ್ದರೂ ಹೆಚ್ಚಿನವರಿಗೆ ಅದನ್ನು ಓದಿ ಅರ್ಥಮಾಡಿಕೊಳ್ಳಲು ಆಗುತ್ತಿರಲಿಲ್ಲ. ಈ ಫಲಿತಾಂಶದಿಂದ ಸಾಮಗ್ರಿ ಕೊಡುವುದೇ ವ್ಯರ್ಥ ಎಂದು ತೀರ್ಮಾನಿಸುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಮಗುವಿನ ಮಟ್ಟಕ್ಕೆ ಹೊಂದದ ವಸ್ತುವನ್ನು ಎಷ್ಟು ಕೊಟ್ಟರೂ ಅದು ಕಲಿಕೆಯಾಗಿ ಮಾರ್ಪಡುವುದಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ.

ಅದೇ ದೇಶದಲ್ಲಿ ಸಮವಸ್ತ್ರದ ಕುರಿತು ನಡೆದ ಇನ್ನೊಂದು ಅಧ್ಯಯನವನ್ನು ಇದರ ಜೊತೆಗಿಟ್ಟು ನೋಡಬೇಕು. ಸಮವಸ್ತ್ರ ಪಡೆದ ಮಕ್ಕಳ ಗೈರುಹಾಜರಿ ಗಮನಾರ್ಹವಾಗಿ ಕಡಿಮೆಯಾಯಿತು, ಅದರಲ್ಲೂ ಮೊದಲು ಸಮವಸ್ತ್ರವೇ ಇಲ್ಲದಿದ್ದ ಮಕ್ಕಳಲ್ಲಿ ಈ ಬದಲಾವಣೆ ಹೆಚ್ಚಾಗಿತ್ತು. ಆದರೆ ಹಲವು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ವಿಚಾರಿಸಿದಾಗ, ಅವರು ಓದಿದ ಒಟ್ಟು ವರ್ಷಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಮ್ಮೆ ಕೊಟ್ಟ ವಸ್ತುವಿನ ಪರಿಣಾಮ ಆ ವಸ್ತು ಇರುವಷ್ಟು ಕಾಲವೇ ಇರುತ್ತದೆಂದು ನಾನು ಇದನ್ನು ಅರ್ಥೈಸುತ್ತೇನೆ. ಆದ್ದರಿಂದ ನಿಮ್ಮ ನೆರವನ್ನು ಅಂಕಗಳಿಂದ ಅಳೆಯಲು ಹೋಗಬೇಡಿ. ಮಗು ಶಾಲೆಗೆ ಬರುವುದಕ್ಕೂ, ತರಗತಿಯಲ್ಲಿ ಕುಳಿತು ಎಲ್ಲರಂತೆ ಕೆಲಸ ಮಾಡುವುದಕ್ಕೂ ಇರುವ ಒಂದು ಅಡ್ಡಿಯನ್ನು ನೀವು ತೆಗೆಯುತ್ತಿದ್ದೀರಿ. ಅಷ್ಟನ್ನು ಸರಿಯಾಗಿ ಮಾಡುವುದೇ ದೊಡ್ಡ ಕೆಲಸ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯು ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಎಲ್ಲರಿಗೂ ಉಚಿತವೂ ಆಗಿರಬೇಕೆಂದು ಹೇಳುತ್ತದೆ. ಆದರೆ ಶುಲ್ಕ ಇಲ್ಲದ ಶಾಲೆಗೂ ಬರಿಗೈಯಲ್ಲಿ ಹೋಗಲಾಗುವುದಿಲ್ಲ, ಮತ್ತು ಎರಡು ಮೂರು ಮಕ್ಕಳಿರುವ ಮನೆಗೆ ಈ ಖರ್ಚುಗಳೆಲ್ಲ ಒಂದೇ ವಾರದಲ್ಲಿ ಎದುರಾಗುತ್ತವೆ.

ಸಾಮಗ್ರಿಯ ಕೊರತೆ ತರಗತಿಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ದಾನಿಗಳು ಸಾಮಾನ್ಯವಾಗಿ ನೋಡಿರುವುದಿಲ್ಲ. ಕೈವಾರ, ಕೋನಮಾಪಕ ಇಲ್ಲದ ಮಗು ರೇಖಾಗಣಿತದ ಅವಧಿಯಲ್ಲಿ ಪಕ್ಕದವರದು ಖಾಲಿಯಾಗುವ ತನಕ ಕಾಯುತ್ತದೆ. ತನ್ನ ಸರದಿ ಬರುವಷ್ಟರಲ್ಲಿ ಶಿಕ್ಷಕರು ಮುಂದಿನ ರಚನೆಗೆ ಹೋಗಿರುತ್ತಾರೆ. ಪ್ರತಿ ವಿಷಯಕ್ಕೂ ಬೇರೆ ನೋಟ್‌ಬುಕ್ ಇಲ್ಲದ ಮಗು ಮೂರು ವಿಷಯಗಳನ್ನು ಒಂದರಲ್ಲೇ ಹಿಂದಿನಿಂದ ಒಂದಿಷ್ಟು, ಮುಂದಿನಿಂದ ಒಂದಿಷ್ಟು ಬರೆದುಕೊಳ್ಳುತ್ತದೆ. ಒಬ್ಬ ಶಿಕ್ಷಕರು ತಿದ್ದಲು ಆ ಪುಸ್ತಕವನ್ನು ಒಯ್ದ ದಿನ ಉಳಿದೆರಡು ವಿಷಯಗಳಿಗೆ ಬರೆಯಲು ಅದಕ್ಕೆ ಏನೂ ಇರುವುದಿಲ್ಲ. ಪರೀಕ್ಷೆಯ ಸಮಯದಲ್ಲಿ ಪುನರಾವರ್ತನೆಗೆ ಕುಳಿತಾಗ ಯಾವ ಪಾಠ ಎಲ್ಲಿದೆಯೆಂದು ಸಿಗುವುದಿಲ್ಲ. ಹಾಳೆ ಉಳಿಸಲು ಲೆಕ್ಕದ ಹಂತಗಳನ್ನು ಬಿಟ್ಟು ಉತ್ತರವನ್ನಷ್ಟೇ ಬರೆಯುವ ಮಕ್ಕಳಿದ್ದಾರೆ. ತಿದ್ದುವವರಿಗೆ ಅದು ಸೋಮಾರಿತನದಂತೆ ಅಥವಾ ನಕಲಿನಂತೆ ಕಾಣುತ್ತದೆ. ನೋಟ್‌ಬುಕ್ ತರಲಿಲ್ಲವೆಂದು ಬೈಸಿಕೊಂಡ ಮಗು ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುವುದು ಇದರ ಮುಂದಿನ ಹಂತ. ಕೊರತೆ ಹೀಗೆ ಸಣ್ಣ ಸಣ್ಣದಾಗಿ, ದಿನನಿತ್ಯ ಕೆಲಸ ಮಾಡುವುದರಿಂದಲೇ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ವಿತರಣೆಯಿಂದ ಅದು ನೀಗುವುದಿಲ್ಲ.

ಈಗ ನಿಮ್ಮ ನೋಟ್‌ಬುಕ್‌ಗಳು ಏಕೆ ಉಳಿದವು ಎಂಬುದಕ್ಕೆ ಬರುತ್ತೇನೆ. ನೀವು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪುಸ್ತಕಗಳನ್ನು ಸಗಟಾಗಿ ತಂದಿರಬೇಕೆಂದು ಊಹಿಸುತ್ತೇನೆ. ಅಕ್ಷರ ಕಲಿಯುವ ಮಗುವಿಗೆ ಎರಡು ಗೆರೆ ಅಥವಾ ನಾಲ್ಕು ಗೆರೆಯ ಪುಸ್ತಕ ಬೇಕು, ಚಿಕ್ಕ ತರಗತಿಯ ಲೆಕ್ಕಕ್ಕೆ ಚೌಕುಳಿ ಪುಸ್ತಕ ಬೇಕು, ಮೇಲಿನ ತರಗತಿಯ ಗಣಿತಕ್ಕೆ ಹಲವು ಶಿಕ್ಷಕರು ಗೆರೆಯಿಲ್ಲದ ಉದ್ದನೆಯ ಪುಸ್ತಕವನ್ನೇ ಕೇಳುತ್ತಾರೆ, ವಿಜ್ಞಾನಕ್ಕೆ ಒಂದು ಬದಿ ಖಾಲಿ ಹಾಳೆಯಿರುವ ಪ್ರಯೋಗದ ಪುಸ್ತಕ, ಭೂಗೋಳಕ್ಕೆ ನಕ್ಷೆಯ ಹಾಳೆಗಳು ಬೇಕಾಗುತ್ತವೆ. ಒಂದು ಗೆರೆಯ ಸಾಮಾನ್ಯ ಪುಸ್ತಕವನ್ನು ಎಲ್ಲರಿಗೂ ಕೊಟ್ಟರೆ ಮಧ್ಯದ ತರಗತಿಗಳಲ್ಲಿ ಅದು ಬಳಕೆಯಾಗುತ್ತದೆ, ಎರಡೂ ತುದಿಗಳಲ್ಲಿ ಉಳಿಯುತ್ತದೆ. ಆದ್ದರಿಂದ ಖರೀದಿಗೆ ಕನಿಷ್ಠ ಆರು ವಾರ ಮೊದಲೇ ಶಾಲೆಗೆ ಹೋಗಿ, ಪ್ರತಿ ತರಗತಿಯ ಪಟ್ಟಿಯನ್ನು ಗೆರೆ, ಪುಟಸಂಖ್ಯೆ, ಅಳತೆ ಸಮೇತ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಯಾವುದು ಮೊದಲ ದಿನವೇ ಬೇಕು, ಯಾವುದು ಎರಡು ತಿಂಗಳ ನಂತರ ಸಾಕು ಎಂದು ಶಿಕ್ಷಕರಿಂದಲೇ ಗುರುತು ಹಾಕಿಸಿ. ಶಾಲೆಯೋ ಸರ್ಕಾರವೋ ಈಗಾಗಲೇ ಉಚಿತವಾಗಿ ಕೊಡುತ್ತಿರುವ ವಸ್ತುಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಬೇರೆ ಯಾವ ಸಂಘ ಅಲ್ಲಿಗೆ ಏನನ್ನು ಕೊಡುತ್ತಿದೆ ಎಂದೂ ಕೇಳಿ, ಏಕೆಂದರೆ ಮೂರು ಚೀಲ ಬಂದು ಒಂದೂ ಜಾಮೆಟ್ರಿ ಬಾಕ್ಸ್ ಬಾರದ ಮಕ್ಕಳು ಅಪರೂಪವಲ್ಲ.

ಗುಣಮಟ್ಟದ ವಿಷಯದಲ್ಲಿ ಎರಡು ಮಾತು. ನೋಟ್‌ಬುಕ್ಕಿನ ಬೆಲೆಯನ್ನು ಪುಸ್ತಕಕ್ಕೆ ಇಷ್ಟು ಎಂದು ನೋಡದೆ ಪುಟಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ಮಾದರಿಯೊಂದನ್ನು ತರಿಸಿ ನೀವೇ ಶಾಯಿ ಪೆನ್ನಿನಲ್ಲಿ ಎರಡೂ ಬದಿ ಬರೆದು ನೋಡಿ. ಶಾಯಿ ಹಿಂದಕ್ಕೆ ಇಳಿಯುವ ತೆಳು ಕಾಗದದಲ್ಲಿ ಮಗುವಿಗೆ ಒಂದೇ ಬದಿ ಸಿಗುತ್ತದೆ, ಅಂದರೆ ಅಗ್ಗದ ಪುಸ್ತಕ ಅರ್ಧ ಪುಸ್ತಕವಾಗುತ್ತದೆ. ಚೀಲದಲ್ಲಿ ಬಣ್ಣ, ಚಿತ್ರಗಳಿಗಿಂತ ಹೊಲಿಗೆ, ಜಿಪ್ಪು, ಭುಜದ ಪಟ್ಟಿಯ ಅಗಲ ಮುಖ್ಯ. ಪುಸ್ತಕ ತುಂಬಿದ ಚೀಲದ ತೂಕ ಮಗುವಿನ ತೂಕದ ಶೇ. 10ರ ಆಸುಪಾಸಿನಲ್ಲಿ ಇರಬೇಕೆಂಬ ಮಿತಿಯನ್ನು ಹಲವು ಕಡೆ ಒಪ್ಪಲಾಗಿದೆ. 20 ಕಿಲೋ ತೂಗುವ ಮಗುವಿಗೆ ಅದು 2 ಕಿಲೋ ಮಾತ್ರ, ಹಾಗಾಗಿ ಖಾಲಿ ಚೀಲವೇ ಒಂದು ಕಿಲೋ ತೂಗಿದರೆ ಅದು ತಪ್ಪು ಆಯ್ಕೆ. ಒಳ್ಳೆಯ ಚೀಲ ಎರಡು ವರ್ಷ ಬಾಳುತ್ತದೆ, ಆದ್ದರಿಂದ ಪ್ರತಿ ವರ್ಷ ಚೀಲ ಕೊಡುವ ಅಗತ್ಯವೇ ಇಲ್ಲ. ಜಿಪ್ಪು ಕೆಟ್ಟದ್ದನ್ನು ರಿಪೇರಿ ಮಾಡಿಸಿಕೊಟ್ಟರೆ ಆ ಹಣದಲ್ಲಿ ಹಲವು ನೋಟ್‌ಬುಕ್ ಬರುತ್ತವೆ. ಬೂಟು, ಸಮವಸ್ತ್ರಗಳನ್ನು ಅಳತೆ ತೆಗೆದುಕೊಳ್ಳದೆ ತರಲೇಬೇಡಿ.

ಎಲ್ಲರಿಗೂ ಒಂದೇ ಎನ್ನುವ ಕ್ರಮದಲ್ಲಿ ಅಂಗವೈಕಲ್ಯವಿರುವ ಮಕ್ಕಳು ಪೂರ್ತಿ ಕೈತಪ್ಪಿ ಹೋಗುತ್ತಾರೆ. ದೃಷ್ಟಿ ಮಂದವಿರುವ ಮಗುವಿಗೆ ದಪ್ಪ, ಕಡು ಗೆರೆಯ ಹಾಳೆ ಮತ್ತು ಗಾಢವಾಗಿ ಬರೆಯುವ ಪೆನ್ನು ಬೇಕು. ಬ್ರೈಲ್ ಬರೆಯುವ ಮಗುವಿಗೆ ಚುಕ್ಕೆ ಹಿಡಿದು ನಿಲ್ಲುವ ದಪ್ಪ ಕಾಗದ ಬೇಕು, ಅದು ಬಲು ಬೇಗ ಖರ್ಚಾಗುತ್ತದೆ. ಬೆರಳುಗಳಲ್ಲಿ ಹಿಡಿತ ಕಡಿಮೆಯಿರುವ ಮಗುವಿಗೆ ದಪ್ಪ ಮುಮ್ಮೂಲೆ ಪೆನ್ಸಿಲ್ ಸಾಕು, ಅದು ವಿಶೇಷ ಖರ್ಚೂ ಅಲ್ಲ. ಶಿಕ್ಷಕರನ್ನು ಈ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಕೇಳದೆ ಇದ್ದರೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಸಮಯದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಇತರರು ಜಾಂಬಿಯಾ ಹಾಗೂ ಆಂಧ್ರಪ್ರದೇಶದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗಳಿಗೆ ಕೊಟ್ಟ ಅನುದಾನದ ಪರಿಣಾಮವನ್ನು ಪರಿಶೀಲಿಸಲಾಯಿತು. ಆಂಧ್ರಪ್ರದೇಶದಲ್ಲಿ ಆ ಹಣದ ದೊಡ್ಡ ಪಾಲು ನೋಟ್‌ಬುಕ್ಕು, ಬರೆಯುವ ಸಾಮಗ್ರಿಗಳಿಗೇ ಹೋಗಿತ್ತು. ಅನುದಾನ ಅನಿರೀಕ್ಷಿತವಾಗಿ ಬಂದ ವರ್ಷ ಮಕ್ಕಳ ಅಂಕ ಹೆಚ್ಚಿತು. ಬರುತ್ತದೆಂದು ಮೊದಲೇ ತಿಳಿದಿದ್ದ ವರ್ಷ ಮನೆಯವರು ತಮ್ಮ ಖರ್ಚನ್ನು ಅಷ್ಟೇ ಕಡಿಮೆ ಮಾಡಿದರು, ಅಂಕಗಳಲ್ಲಿ ಹೆಚ್ಚಳ ಕಾಣಲಿಲ್ಲ. ಇದನ್ನು ಓದಿ, ಹಾಗಾದರೆ ಹೇಳದೆ ಕೊಡುವುದೇ ಲೇಸು ಎಂದು ಕೆಲವರು ಯೋಚಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಮನೆಯವರು ಉಳಿಸಿದ ಆ ಹಣ ಮನೆಯ ಬೇರೆ ಅಗತ್ಯಕ್ಕೆ ಹೋಗುತ್ತದೆ. ಅದರಿಂದ ಮಗುವಿಗೂ ಒಳ್ಳೆಯದೇ ಆಗುತ್ತದೆ, ಅಂಕಪಟ್ಟಿಯಲ್ಲಿ ಮಾತ್ರ ಅದು ಕಾಣುವುದಿಲ್ಲ. ಹೇಳದೆ ಕೊಟ್ಟರೆ ಆಗುವುದೇನೆಂದರೆ, ಸಾಲ ಮಾಡಿ ನೋಟ್‌ಬುಕ್ ಕೊಂಡ ಮನೆಗೆ ಹದಿನೈದು ದಿನಗಳ ಮೇಲೆ ಅದೇ ನೋಟ್‌ಬುಕ್ಕುಗಳು ಉಚಿತವಾಗಿ ಬರುತ್ತವೆ, ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ಏನೇನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ, ಯಾವ ದಿನದೊಳಗೆ ಕೊಡುತ್ತೀರಿ ಎಂಬುದನ್ನು ಶಾಲೆ ತೆರೆಯುವ ಒಂದು ತಿಂಗಳ ಮೊದಲೇ ಶಾಲೆಯ ಮೂಲಕ ಪೋಷಕರಿಗೆ ತಿಳಿಸಿ, ಮತ್ತು ಹೇಳಿದ ಮಾತನ್ನು ಅಕ್ಷರಶಃ ನಡೆಸಿಕೊಡಿ. ಕೊಡಲಾಗದ ವಸ್ತುವನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಸಿ, ಪೋಷಕರು ಅದಕ್ಕೆ ತಮ್ಮ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.

ಉಳಿಸಿಕೊಂಡ ಅರ್ಧ ಹಣದಿಂದ ಶಾಲೆಯಲ್ಲೇ ಒಂದು ಸಣ್ಣ ದಾಸ್ತಾನು ಇಡುವ ವ್ಯವಸ್ಥೆ ಮಾಡಿ. ಪೆನ್ಸಿಲ್, ರಬ್ಬರ್, ಮೆಂಡರ್, ಪೆನ್ನಿನ ರೀಫಿಲ್, ಎಲ್ಲ ಗೆರೆಗಳ ಒಂದಿಷ್ಟು ಪುಸ್ತಕಗಳು, ಬಿಡಿ ಹಾಳೆಗಳು ಒಂದು ಬೀರುವಿನಲ್ಲಿರಲಿ. ಪುಸ್ತಕ ತುಂಬಿದ ಯಾವುದೇ ಮಗು ತುಂಬಿದ ಪುಸ್ತಕವನ್ನು ತೋರಿಸಿ ಹೊಸದನ್ನು ಪಡೆಯಲಿ. ಈ ಒಂದು ನಿಯಮದಿಂದ ಎರಡು ಪ್ರಯೋಜನಗಳಿವೆ: ಬಡತನವನ್ನು ಸಾಬೀತು ಮಾಡುವ ಅಗತ್ಯವೇ ಬರುವುದಿಲ್ಲ, ಹೆಚ್ಚು ಬರೆಯುವ ಮಗುವಿಗೆ ಹೆಚ್ಚು ಪುಸ್ತಕ ತಾನಾಗಿಯೇ ಸಿಗುತ್ತದೆ. ದುರುಪಯೋಗವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅಗತ್ಯವಿಲ್ಲದ ಮಗುವೂ ಆಗೊಮ್ಮೆ ಈಗೊಮ್ಮೆ ಪೆನ್ಸಿಲ್ ಪಡೆದೀತು. ಆ ನಷ್ಟ ಚಿಕ್ಕದು. ಅದನ್ನು ತಡೆಯಲು ಅರ್ಜಿ, ಪ್ರಮಾಣಪತ್ರ, ಸಹಿಗಳನ್ನು ಇಟ್ಟರೆ ನಿಜವಾಗಿ ಬೇಕಾದ ಮಗುವೇ ಮೊದಲು ಹಿಂದೆ ಸರಿಯುತ್ತದೆ.

ಬೀರುವಿಗೆ ಬೀಗ ಬಿದ್ದು ಸಾಮಗ್ರಿ ಅಲ್ಲೇ ಉಳಿಯುವ ಅಪಾಯವೂ ಇದೆ. ಸಿಯೆರಾ ಲಿಯೋನ್‌ನಲ್ಲಿ ಸರ್ಕಾರ ಕೊಟ್ಟ ಪಠ್ಯಪುಸ್ತಕಗಳ ಬಗ್ಗೆ ನಡೆದ ಅಧ್ಯಯನವೊಂದರಲ್ಲಿ, ಶಾಲೆಗಳು ಬಹಳಷ್ಟು ಪುಸ್ತಕಗಳನ್ನು ಮಕ್ಕಳಿಗೆ ಹಂಚದೆ ಕೂಡಿಟ್ಟಿದ್ದು ಕಂಡುಬಂತು. ಮುಂದಿನ ವರ್ಷ ಬರುತ್ತವೆಯೋ ಇಲ್ಲವೋ ಎಂಬ ಅನಿಶ್ಚಿತತೆಯೇ ಅದಕ್ಕೆ ಕಾರಣವೆಂದು ಸಂಶೋಧಕರು ಗುರುತಿಸಿದರು. ಮುಖ್ಯೋಪಾಧ್ಯಾಯರ ದೃಷ್ಟಿಯಿಂದ ನೋಡಿದರೆ ಅದು ಜವಾಬ್ದಾರಿಯ ನಡೆಯೇ ಹೌದು. ಹಾಗಾಗಿ ನೀವು ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಎಂಬುದನ್ನು ಆರಂಭದಲ್ಲೇ ಬರವಣಿಗೆಯಲ್ಲಿ ತಿಳಿಸಿ. ಒಂದು ವರ್ಷ ಇನ್ನೂರು ಮಕ್ಕಳಿಗೆ ಕೊಟ್ಟು ಮರುವರ್ಷ ಕಾಣೆಯಾಗುವುದಕ್ಕಿಂತ, ಐದು ವರ್ಷ ನಲವತ್ತು ಮಕ್ಕಳ ಜೊತೆ ನಿಲ್ಲುವುದನ್ನು ನಾನು ಮೇಲೆಂದು ಎಣಿಸುತ್ತೇನೆ.

ಈಗ ಹಿಂಜರಿದ ಆ ಮಕ್ಕಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇದೇ. ಹತ್ತು ಹನ್ನೊಂದು ವರ್ಷ ದಾಟಿದ ಮಗುವಿಗೆ ತನ್ನ ಮನೆಯ ಸ್ಥಿತಿ ಗೆಳೆಯರ ಮುಂದೆ ಬಯಲಾಗುವುದು ಎಂಥ ನೋವೆಂಬುದನ್ನು ನಾವು ದೊಡ್ಡವರು ಬೇಗ ಮರೆಯುತ್ತೇವೆ. ವೇದಿಕೆಗೆ ಕರೆದು, ಚೀಲ ಕೈಗಿಟ್ಟು, ಫೋಟೋಗೆ ನಿಲ್ಲಿಸಿದಾಗ ಆ ಮಗು ಚೀಲದ ಜೊತೆ ಒಂದು ಹಂಗನ್ನೂ ಹೊತ್ತು ಹೋಗುತ್ತದೆ. ಆಮೇಲೆ ವರ್ಷವಿಡೀ ಎಲ್ಲರಿಗೂ ಗುರುತು ಸಿಗುವ ಆ ಒಂದೇ ಬಣ್ಣದ ಚೀಲವನ್ನು ಬೆನ್ನಿಗೇರಿಸಿಕೊಂಡು ಶಾಲೆಗೆ ಬರಬೇಕಾಗುತ್ತದೆ. ಚೀಲದ ಮೇಲೆ, ನೋಟ್‌ಬುಕ್ಕಿನ ರಟ್ಟಿನ ಮೇಲೆ ದಾನಿಗಳ ಹೆಸರು ಅಚ್ಚು ಹಾಕಿಸುವುದನ್ನು ದಯವಿಟ್ಟು ಬಿಡಿ. ಮಕ್ಕಳ ಚಿತ್ರಗಳನ್ನು ಎಲ್ಲಿಯೂ ಹಾಕಬೇಡಿ. ಪೋಷಕರು ಒಪ್ಪಿದ್ದಾರೆ ಎಂಬ ಸಮಜಾಯಿಷಿಯೂ ಇಲ್ಲಿ ಸಾಲದು, ನೆರವು ಪಡೆಯುತ್ತಿರುವವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ನಿಜವಾಗಿ ಇರುವುದಿಲ್ಲ. ಹಣ ಕೊಟ್ಟ ಸಹೋದ್ಯೋಗಿಗಳಿಗೆ ತೋರಿಸಲು ಏನಾದರೂ ಬೇಕೆಂದರೆ, ಖರೀದಿಯ ರಸೀದಿಗಳನ್ನೂ ಶಿಕ್ಷಕರ ಸಹಿಯಿರುವ ದಾಸ್ತಾನು ಪುಸ್ತಕವನ್ನೂ ತೋರಿಸಿ.

ಸಾಧ್ಯವಿರುವ ಕಡೆ ಇಡೀ ತರಗತಿಗೆ ಕೊಡುವುದು ಅತ್ಯುತ್ತಮ. ಬಹುಪಾಲು ಮಕ್ಕಳು ಕಡಿಮೆ ಆದಾಯದ ಮನೆಗಳಿಂದಲೇ ಬರುವ ಶಾಲೆಯಾದರೆ, ಉಳಿದ ಕೆಲವರಿಗೂ ಕೊಡುವ ಹೆಚ್ಚುವರಿ ಖರ್ಚು ಆಯ್ಕೆಯ ಕಷ್ಟಕ್ಕಿಂತ ಕಡಿಮೆ. ಆರಿಸಲೇಬೇಕಾದ ಶಾಲೆಯಲ್ಲಿ ಆ ಕೆಲಸವನ್ನು ನೀವು ಮಾಡಬೇಡಿ, ತರಗತಿ ಶಿಕ್ಷಕರಿಗೆ ಬಿಡಿ, ಮತ್ತು ಪೋಷಕರು ಶಾಲಾ ಸಮಯದ ಹೊರಗೆ ಬಂದು ಒಯ್ಯುವಂತೆ ಇಲ್ಲವೇ ಪುಸ್ತಕಗಳು ಮಗು ಬರುವ ಮೊದಲೇ ಅದರ ಜಾಗದಲ್ಲಿ ಇರುವಂತೆ ನೋಡಿಕೊಳ್ಳಿ. ತಾಯಿ ಅಥವಾ ತಂದೆಯ ಕೈಯಿಂದ ಮಗುವಿಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಗುವಿನ ಕಣ್ಣಲ್ಲಿ ಕೊಡುವವರ ಸ್ಥಾನ ಅವರದೇ ಆಗಿರಬೇಕು. ಆಯ್ಕೆಯಲ್ಲಿ ಪದೇ ಪದೇ ಬಿಟ್ಟುಹೋಗುವವರ ಬಗ್ಗೆ ಶಿಕ್ಷಕರಿಗೆ ನೆನಪಿಸಿ: ವರ್ಷದ ನಡುವೆ ಬಂದು ಸೇರುವ ವಲಸೆ ಕುಟುಂಬದ ಮಕ್ಕಳು, ಅಜ್ಜ ಅಜ್ಜಿಯ ಅಥವಾ ಬಂಧುಗಳ ಆಸರೆಯಲ್ಲಿರುವವರು, ದಾಖಲೆಗಳಿಲ್ಲದ ಮನೆಯವರು, ಇತ್ತೀಚೆಗೆ ದುಡಿಯುವವರ ಕೆಲಸ ಹೋಗಿಯೋ ಕಾಯಿಲೆ ಬಿದ್ದೋ ಕಷ್ಟಕ್ಕೆ ಸಿಕ್ಕಿದ ಮನೆಯವರು. ಕೊನೆಯ ಗುಂಪಿನವರು ತಾವಾಗಿ ಎಂದೂ ಕೇಳುವುದಿಲ್ಲ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವುದೂ ಬೇಡ; ಇಬ್ಬರೂ ಹಂಚಿಕೊಂಡು ಇಬ್ಬರಿಗೂ ಸಾಲದಂತಾಗುತ್ತದೆ.

ಪಟ್ಟಿಯಲ್ಲಿ ಬಾರದ, ಆದರೆ ಪಟ್ಟಿಯಲ್ಲಿರುವ ಎಷ್ಟೋ ವಸ್ತುಗಳಿಗಿಂತ ಬೆಲೆಯುಳ್ಳ ಎರಡು ಸಂಗತಿಗಳಿವೆ. ಒಂದು, ಕನ್ನಡಕ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಉಚಿತ ಕನ್ನಡಕ ಕೊಟ್ಟಾಗ ಅವರ ಅಂಕಗಳು ಸ್ಪಷ್ಟವಾಗಿ ಸುಧಾರಿಸಿದವು. ಆದರೂ ಕೊಡುತ್ತೇವೆ ಎಂದಾಗ ಸುಮಾರು ಮೂರನೇ ಒಂದು ಭಾಗದ ಮಕ್ಕಳು ಪಡೆಯಲಿಲ್ಲ, ಮನೆಯವರ ವಿರೋಧ, ಮಗುವಿನ ನಿರಾಕರಣೆ ಮುಖ್ಯ ಕಾರಣಗಳಾಗಿದ್ದವು. ಆದ್ದರಿಂದ ಕಣ್ಣಿನ ತಪಾಸಣೆ ಏರ್ಪಡಿಸುವುದಾದರೆ ಪೋಷಕರೊಡನೆ ಮಾತಾಡುವುದಕ್ಕೂ, ಚೌಕಟ್ಟನ್ನು ಮಗುವೇ ಆರಿಸುವುದಕ್ಕೂ ಅವಕಾಶವಿಡಿ. ಎರಡು, ಮುಟ್ಟು ಆರಂಭವಾದ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್‌ಗಳು. ಇವನ್ನು ಶಿಕ್ಷಕಿಯೊಬ್ಬರ ವಶದಲ್ಲಿ, ಕೇಳದೆಯೇ ತೆಗೆದುಕೊಳ್ಳಬಹುದಾದ ಜಾಗದಲ್ಲಿ ಇರಿಸಬೇಕು. ನೀರು, ಬಾಗಿಲು ಇರುವ ಶೌಚಾಲಯವಿಲ್ಲದ ಶಾಲೆಯಲ್ಲಿ ಪ್ಯಾಡ್ ಮಾತ್ರದಿಂದ ಹಾಜರಾತಿ ಸುಧಾರಿಸದು ಎಂಬುದು ನಿಮಗೆ ತಿಳಿದಿರಲಿ. ಮೇಲಿನ ತರಗತಿಗಳಲ್ಲಿ ಪರೀಕ್ಷಾ ಶುಲ್ಕವೂ ಓಡಾಟದ ಖರ್ಚೂ ನೋಟ್‌ಬುಕ್ಕಿಗಿಂತ ದೊಡ್ಡ ಹೊರೆಯಾಗಿರುವುದುಂಟು, ಅದನ್ನೂ ವಿಚಾರಿಸಿ.

ವಸ್ತುವಿನ ಬದಲು ಪೋಷಕರಿಗೆ ನೇರವಾಗಿ ಹಣ ಕೊಡಬಹುದೇ ಎಂಬ ಪ್ರಶ್ನೆ ನಿಮ್ಮ ಗುಂಪಿನಲ್ಲಿ ಏಳಬಹುದು. ಅಂಗಡಿಗಳು ಹತ್ತಿರವಿದ್ದು, ಶಾಲೆಯ ಪಟ್ಟಿ ಪೋಷಕರ ಕೈಯಲ್ಲಿದ್ದರೆ ಅದು ಒಳ್ಳೆಯ ಮಾರ್ಗವೇ. ಮಗು ತನಗೆ ಹಿಡಿಸಿದ್ದನ್ನು ಆರಿಸಿಕೊಳ್ಳುತ್ತದೆ, ಪೋಷಕರ ಮರ್ಯಾದೆ ಉಳಿಯುತ್ತದೆ. ಸಗಟು ಖರೀದಿಯಲ್ಲಿ ದೊಡ್ಡ ಉಳಿತಾಯವಿರುವ ನೋಟ್‌ಬುಕ್‌ಗಳನ್ನು ನೀವು ತಂದು, ಅಳತೆ ಬೇಕಾಗುವ ಬೂಟು, ಬಟ್ಟೆಗಳಿಗೆ ಹಣ ಅಥವಾ ಅಂಗಡಿಯ ಚೀಟಿ ಕೊಡುವ ಮಿಶ್ರ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹೊಸ ಖರೀದಿಗೆ ಮುನ್ನ ಉಳಿದಿರುವ ಹಳೆಯ ನೋಟ್‌ಬುಕ್‌ಗಳನ್ನು ಗೆರೆಗೆ ತಕ್ಕಂತೆ ವಿಂಗಡಿಸಿ ಎಣಿಸಿ. ಯಾವ ತರಗತಿಯ ಪಟ್ಟಿಗೆ ಹೊಂದುತ್ತವೆಯೋ ಅಲ್ಲಿಗೆ ಕಳುಹಿಸಿ, ಹೊಂದದವನ್ನು ಆ ಬೀರುವಿನಲ್ಲಿಟ್ಟು ಅಭ್ಯಾಸ ಪರೀಕ್ಷೆಗಳಿಗೂ ಕಚ್ಚಾ ಲೆಕ್ಕಗಳಿಗೂ ಬಳಸಲು ಶಿಕ್ಷಕರಿಗೆ ಹೇಳಿ. ವರ್ಷದ ಮಧ್ಯದಲ್ಲಿ ಒಮ್ಮೆ ಹೋಗಿ, ಮಕ್ಕಳನ್ನು ಪ್ರಶ್ನಿಸದೆ, ದಾಸ್ತಾನು ಪುಸ್ತಕವನ್ನಷ್ಟೇ ನೋಡಿ ಬನ್ನಿ. ಯಾವುದು ಮೊದಲು ಮುಗಿದಿದೆ, ಯಾವುದು ಮುಟ್ಟದೆ ಉಳಿದಿದೆ ಎಂಬುದರಿಂದಲೇ ಮುಂದಿನ ವರ್ಷದ ಖರೀದಿ ಪಟ್ಟಿಯನ್ನು ಬರೆಯಬಹುದು.